ಚಿಕ್ಕಪ್ಪನವರ ನಡುಮನೆಯ ಚಿತ್ರ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮುಂಬಯಿಯಿಂದ ಮಂಗಳೂರಿಗೆ ಕೊಂಕಣ ರೈಲಿನಲ್ಲಿ ಬರುತ್ತಾ ದೂರವಾಣಿ ಮಾಡಿದ್ದ. "ಸರ್, ಈ ಹಾದಿಗೆ ಕಾರಣರಾದ ಜಾರ್ಜ್ ಫರ್ನಾಂಡಿಸ್ ದೊಡ್ಡ ಮನುಷ್ಯರೇ, ಅಲ್ಲವೇ?" ಎಂದು ಕೇಳಿದ. ಪಾಠ ಹೇಳಿದವನಿಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ನೆನಪಾದದ್ದು ಅರಸೀಕೆರೆಯಲ್ಲಿ ರೈಲ್ವೆ ನೌಕರರಾಗಿದ್ದ ನನ್ನ ಚಿಕ್ಕಪ್ಪ.

1974ರ ಮೇ ತಿಂಗಳ ರೈಲ್ವೆ ಮುಷ್ಕರದಲ್ಲಿ ಅವರೂ ಇದ್ದರು. ಇಪ್ಪತ್ತು ದಿನ ನಡೆದ ಆ ಮುಷ್ಕರ ಸೋತಿತು. ಸಂಬಳವಿಲ್ಲದ ಆ ತಿಂಗಳು ಚಿಕ್ಕಮ್ಮನ ಕೈಯ ಬಳೆಗಳು ಅಡವಿಗೆ ಹೋದವು. ಆದರೂ ತುರ್ತುಪರಿಸ್ಥಿತಿ ಮುಗಿದ ಮೇಲೆ, ಕೋಳ ತೊಡಿಸಿದ ಕೈಯನ್ನು ಮೇಲೆತ್ತಿದ ಜಾರ್ಜ್ ಅವರ ಚಿತ್ರವನ್ನು ಚಿಕ್ಕಪ್ಪ ಪತ್ರಿಕೆಯಿಂದ ಕತ್ತರಿಸಿ, ನಡುಮನೆಯಲ್ಲಿ ದೇವರ ಪಟಗಳ ಪಕ್ಕದಲ್ಲಿಯೇ ಅಂಟಿಸಿದರು.

ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಸೇರಿ, ಅದನ್ನು ತೊರೆದು, ಮುಂಬಯಿಯ ಕಾರ್ಮಿಕರ ನಾಯಕನಾದ ಮಂಗಳೂರಿನ ಹುಡುಗ ಆತ. 1967ರಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನೇ ಸೋಲಿಸಿದವರು. ದೇಶವೇ ಬಾಯಿ ಮುಚ್ಚಿಕೊಂಡಿದ್ದ 1975ರಲ್ಲಿ ಭೂಗತರಾಗಿ ಹೋರಾಡಿದ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬರೋಡಾ ಡೈನಮೈಟ್ ಪ್ರಕರಣದ ಆರೋಪಗಳಲ್ಲಿ ರೈಲು ಹಳಿಗಳನ್ನು ಸ್ಫೋಟಿಸುವ ಸಂಚೂ ಸೇರಿತ್ತು. ಮನುಷ್ಯರಿಗೆ ಹಾನಿಯಾಗಬಾರದೆಂಬುದೇ ತಮ್ಮ ನಿಲುವೆಂದು ಅವರ ಕಡೆಯವರು ಹೇಳುತ್ತಿದ್ದರು. ಒಮ್ಮೆ ನಾನು ಇದನ್ನೆತ್ತಿದಾಗ ಚಿಕ್ಕಪ್ಪ, "ಹಳಿಯ ಮೇಲೆ ಯಾವ ಹೊತ್ತಿನಲ್ಲಿ ಗ್ಯಾಂಗ್‌ಮನ್ ಇರೋದಿಲ್ಲ ಹೇಳು" ಎಂದು ಸುಮ್ಮನಾದರು. ಚಿತ್ರವನ್ನು ಮಾತ್ರ ತೆಗೆಯಲಿಲ್ಲ.

ಆ ಧೈರ್ಯದ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ಅವರ ಸುಳಿವಿಗಾಗಿ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಚಿತ್ರಹಿಂಸೆಗೆ ಗುರಿಪಡಿಸಿದರು. 'ಸಂಸ್ಕಾರ' ಚಲನಚಿತ್ರದ ಚಂದ್ರಿಯಾಗಿ ನಾವೆಲ್ಲ ಕಂಡ ಸ್ನೇಹಲತಾ ರೆಡ್ಡಿಯವರು ಆಸ್ತಮಾದಿಂದ ಬಳಲುತ್ತಾ ಬೆಂಗಳೂರಿನ ಸೆರೆಮನೆಯಲ್ಲಿದ್ದು, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಎರಡು ತಿಂಗಳ ನಂತರ ಜಾರ್ಜ್ ಸೆರೆಮನೆಯಿಂದಲೇ ಮುಜಾಫ್ಫರ್‌ಪುರವನ್ನು ಗೆದ್ದರು, ಮಂತ್ರಿಯಾದರು. ಕೋಕಾಕೋಲಾ ದೇಶ ಬಿಟ್ಟ ಕಥೆ ನಿಮಗೆಲ್ಲ ಗೊತ್ತು.

1979ರಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ಸರ್ಕಾರವನ್ನು ಅಮೋಘವಾಗಿ ಸಮರ್ಥಿಸಿ, ಅದರ ಬೆನ್ನಿಗೇ ರಾಜೀನಾಮೆಯಿತ್ತರು. ರಾಜಕಾರಣದ ಹೊಯ್ದಾಟವೆಂದು ಅದನ್ನು ಕ್ಷಮಿಸಬಲ್ಲೆ. ಅಣುಬಾಂಬನ್ನು ವಿರೋಧಿಸುತ್ತಿದ್ದವರು 1998ರಲ್ಲಿ ಪೋಖರಣ್ ಪರೀಕ್ಷೆಯ ಕಾಲದ ರಕ್ಷಣಾ ಸಚಿವರಾಗಿದ್ದರು; ಅದನ್ನೂ ಹೇಗೋ ನುಂಗಿಕೊಂಡೆ. (ಸಿಯಾಚಿನ್‌ನ ಹಿಮದಲ್ಲಿ ಸೈನಿಕರ ಕಷ್ಟವನ್ನು ಕಣ್ಣಾರೆ ಕಾಣಲು ಮತ್ತೆ ಮತ್ತೆ ಹೋದ ಮಂತ್ರಿಯೂ ಅವರೇ.) 2002ರ ಗುಜರಾತ್ ಚರ್ಚೆಯಲ್ಲಿ, ಹೆಂಗಸರ ಮೇಲಿನ ಅಂಥ ಕ್ರೌರ್ಯ ಈ ದೇಶಕ್ಕೆ ಹೊಸದೇನೂ ಅಲ್ಲವೆಂಬ ಅರ್ಥದಲ್ಲಿ ಅವರಾಡಿದ ಮಾತನ್ನು ಮಾತ್ರ ನಾನು ಇಂದಿಗೂ ಕ್ಷಮಿಸಲಾರೆ. ಅಧಿಕಾರಕ್ಕೆ ಎದುರಾಡಬೇಕೆಂದು ನಮ್ಮ ತಲೆಮಾರಿಗೆ ಕಲಿಸಿದವರೇ ಅಧಿಕಾರದ ಪರ ವಕಾಲತ್ತು ವಹಿಸಿದ್ದರು.

ಆ ವಾರ ಅರಸೀಕೆರೆಗೆ ಹೋದಾಗ ಗೋಡೆಯಲ್ಲಿ ಚಿತ್ರವಿರಲಿಲ್ಲ, ಬಿಳಿಚಿದ ಚೌಕವೊಂದಿತ್ತು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಜಾರ್ಜ್ 2019ರ ಜನವರಿ 29ರಂದು, ವರ್ಷಗಟ್ಟಲೆ ಮರೆವಿನ ಕಾಯಿಲೆಯಲ್ಲಿ ನರಳಿ ತೀರಿಕೊಂಡರು. ಚಿಕ್ಕಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಅವರ ಟ್ರಂಕಿನಲ್ಲಿ ಮುಷ್ಕರದ ಕಾಲದ ಸಂಘದ ರಸೀದಿಗಳ ನಡುವೆ ಆ ಚಿತ್ರ ಸಿಕ್ಕಿತು. ಹರಿದಿರಲಿಲ್ಲ, ನಾಲ್ಕು ಮಡಿಕೆಯಾಗಿ ಮಡಿಸಿಟ್ಟಿದ್ದರು.