ಸಂಬಳವಿಲ್ಲದ ಯಜಮಾನಿಕೆ

ಗೌರವ ಕಾರ್ಯದರ್ಶಿ ಎಂಬ ವ್ಯಕ್ತಿಯಿಲ್ಲದ ಬಡಾವಣೆ ಕನ್ನಡ ನಾಡಿನ ಪಟ್ಟಣಗಳಲ್ಲಿ ದುರ್ಲಭ. ರಾಮನವಮಿಯ ಸಂಗೀತೋತ್ಸವಕ್ಕೆ ಚಪ್ಪರ ಹಾಕಿಸುವವನು ಆತ. ಪಕ್ಕವಾದ್ಯದವರಿಗೆ ಕಾಫಿ ಒದಗಿಸುವವನು ಆತ. ಧ್ವನಿವರ್ಧಕ ಕಿರುಚಿದಾಗ ಸಭಿಕರೆಲ್ಲರೂ ಕತ್ತು ತಿರುಗಿಸಿ ನೋಡುವುದು ಆತನನ್ನೇ. ಅವನಿಗೆ ಸಲ್ಲುವ ಸಂಬಳ ‘ಗೌರವ’ ಎಂಬ ಆ ಮೂರಕ್ಷರ ಮಾತ್ರ. ಪಾನಕ ಸಪ್ಪೆಯಾದ ದಿನ ಅದೂ ಸಲ್ಲುವುದಿಲ್ಲ. ಚಂದಾ ಕೊಟ್ಟವರು ಒಂದು ದೂರು ಹೇಳಿದರೆ ಕೊಡದವರು ಎರಡು ಹೇಳುತ್ತಾರೆ. ಬರುವ ವರ್ಷ ಈ ಕೆಲಸ ಬೇಡವೇ ಬೇಡವೆಂದು ಆತ ಪ್ರತಿ ವರ್ಷವೂ ಮನೆಯವಳಿಗೆ ಮಾತು ಕೊಡುತ್ತಾನೆ. ಮುಂದಿನ ಯುಗಾದಿಯ ಹೊತ್ತಿಗೆ ರಸೀತಿ ಪುಸ್ತಕ ಅವನ ಕಂಕುಳಲ್ಲಿಯೇ ಇರುತ್ತದೆ.

ಈ ವಂಶಕ್ಕೆ ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಹೊಸದೊಂದು ಶಾಖೆ ಹುಟ್ಟಿಕೊಂಡಿದೆ. ಮುಕ್ತ ತಂತ್ರಾಂಶದ ಉಸ್ತುವಾರಿ ನೋಡಿಕೊಳ್ಳುವವರು ಈ ಶಾಖೆಯವರು. ತಂತ್ರಾಂಶವೆಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಆಜ್ಞೆಗಳ ಸರಮಾಲೆ ತಾನೆ? ವ್ಯಾಪಾರಿಗಳು ಆ ಬರಹವನ್ನು ಅಜ್ಜಿಯ ಕಾಲದ ಸಾರಿನ ಪುಡಿಯ ಅಳತೆಯಂತೆ ಗುಟ್ಟಾಗಿಟ್ಟು, ಪುಡಿಯನ್ನಷ್ಟೇ ಮಾರುತ್ತಾರೆ. ಮುಕ್ತ ತಂತ್ರಾಂಶದವರಾದರೋ ಪುಡಿಯ ಜೊತೆಗೆ ಅಳತೆಯ ಚೀಟಿಯನ್ನೂ ಕೊಟ್ಟು, ಬೇಕಾದಂತೆ ತಿದ್ದಿಕೊಂಡು ಹತ್ತು ಜನಕ್ಕೆ ಹಂಚಿರೆನ್ನುತ್ತಾರೆ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಬರಿಯ ಹವ್ಯಾಸಕ್ಕೆಂದು ಬರೆಯತೊಡಗಿದ ಲಿನಕ್ಸ್, ಇಂದು ಪ್ರತಿಯೊಂದು ಆಂಡ್ರಾಯ್ಡ್ ಫೋನಿನ ಒಡಲಲ್ಲಿಯೂ ಇದೆ. ಅದೇ ಫೋನಿನ ತೆರೆಯ ಮೇಲೆ ‘ರಾಷ್ಟ್ರ’ ಎಂಬ ಶಬ್ದದ ಒತ್ತಕ್ಷರಗಳೆರಡೂ ಒಂದರ ಮೇಲೊಂದು ಬೀಳದೆ ತಮ್ಮ ತಮ್ಮ ಸ್ಥಾನದಲ್ಲಿ ಒಪ್ಪವಾಗಿ ಕುಳಿತುಕೊಳ್ಳುವುದಕ್ಕೆ ಹಾರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಕಾರಣ. ಅದರ ಹೆಸರು ಪಾರಸಿ ಭಾಷೆಯದು. ಕನ್ನಡದ ಷಕಾರಕ್ಕೆ ಪಾರಸಿಯ ಹೆಸರಿನವನು ಟಕಾರ ರಕಾರಗಳನ್ನು ಜೋಡಿಸಿಕೊಡುತ್ತಿದ್ದಾನೆಂದು ಕೇಳಿದರೆ ಹಳೆಯ ವೈಯಾಕರಣರು ಹುಬ್ಬೇರಿಸುತ್ತಿದ್ದರೋ ಏನೋ!

ಲಿನಕ್ಸಿನಂತಹ ದೊಡ್ಡ ಮನೆತನಗಳ ಮಾತು ಬೇರೆ. ಅಲ್ಲಿ ದುಡಿಯುವವರಲ್ಲಿ ಬಹುಮಂದಿಗೆ ಈಗ ದೊಡ್ಡ ಕಂಪೆನಿಗಳೇ ಸಂಬಳ ಕೊಡುತ್ತವೆ. ಆದರೆ ಆ ಮನೆತನಗಳ ಆಧಾರಕ್ಕೆ ನಿಂತಿರುವ ಚಿಕ್ಕ ಚಿಕ್ಕ ಕಂಬಗಳು ಸಾವಿರಾರು. ಅವುಗಳಲ್ಲಿ ಎಷ್ಟೋ ಕಂಬಗಳನ್ನು ಒಬ್ಬೊಬ್ಬನೇ ಆಸಾಮಿ ತನ್ನ ಬಿಡುವಿನ ಹೊತ್ತಿನಲ್ಲಿ ಹಿಡಿದು ನಿಂತಿದ್ದಾನೆ.

ತಂತ್ರಾಂಶವನ್ನು ಬರೆಯುವುದರಲ್ಲಿ ಸೃಷ್ಟಿಯ ಸುಖವುಂಟು; ಕವಿತೆ ಬರೆದವನ ಸುಖಕ್ಕೆ ಅದೇನೂ ಕಡಮೆಯಲ್ಲ. ಆದರೆ ಕವಿತೆ ಅಚ್ಚಾದ ಮೇಲೆ, ‘ನಿಮ್ಮ ಮೂರನೆಯ ಚರಣ ನಮ್ಮ ಮನೆಯ ಹಾರ್ಮೋನಿಯಮ್ಮಿಗೆ ಹೊಂದುತ್ತಿಲ್ಲ, ನಾಳೆಯೊಳಗೆ ತಿದ್ದಿ ಕಳುಹಿಸಿ’ ಎಂದು ಯಾರೂ ಕವಿಗೆ ಪತ್ರ ಬರೆಯುವುದಿಲ್ಲ. ತಂತ್ರಾಂಶ ಬರೆದವನಿಗೆ ಬರೆಯುತ್ತಾರೆ. ಹಗಲೆಲ್ಲ ಕಚೇರಿಯಲ್ಲಿ ದುಡಿದು, ಊಟ ಮುಗಿಸಿ, ಮಕ್ಕಳು ಮಲಗಿದ ಮೇಲೆ ಅವನು ಕಂಪ್ಯೂಟರನ್ನು ತೆರೆದರೆ ಕಾಣದ ಊರುಗಳಿಂದ ಬಂದ ದೂರುಗಳು ಸಾಲುಗಟ್ಟಿರುತ್ತವೆ. ಒಂದು ದೂರಿನಲ್ಲಿ ಏನು ಕೆಟ್ಟಿದೆಯೆಂಬ ವಿವರವೇ ಇರುವುದಿಲ್ಲ, ಕೆಟ್ಟಿದೆಯೆಂಬ ಕೋಪ ಮಾತ್ರ ತುಂಬಿ ತುಳುಕುತ್ತಿರುತ್ತದೆ. ಇನ್ನೊಂದು, ಒಂಬತ್ತು ಬಾರಿ ಉತ್ತರ ಕೊಟ್ಟಾಗಿರುವ ಪ್ರಶ್ನೆಯ ಹತ್ತನೆಯ ಅವತಾರ. ತಂತ್ರಾಂಶ ಸರಿಯಾಗಿ ನಡೆಯುತ್ತಿರುವ ಲಕ್ಷಾಂತರ ಮಂದಿಯ ಸುದ್ದಿಯೇ ಇಲ್ಲ. ಅದು ಸಹಜವೇ. ಗೋಡೆಯ ಗಡಿಯಾರ ಸರಿಯಾಗಿ ನಡೆಯುತ್ತಿರುವಾಗ ಅದನ್ನು ಮಾಡಿದವನಿಗೆ ಯಾರು ತಾನೆ ಕಾಗದ ಬರೆದಾರು?

ಸಹಾಯಕ್ಕೆ ಬರುವವರು ಇಲ್ಲದಿಲ್ಲ. ಒಬ್ಬ ತಿದ್ದುಪಡಿಯೊಂದನ್ನು ತಾನೇ ಬರೆದು ಕಳುಹಿಸುತ್ತಾನೆ. ದಾನವಾಗಿ ಬಂದ ಹಸುವಿಗೂ ಹುಲ್ಲು ನೀರು ಕಾಣಿಸಬೇಕಾದವನು ಮನೆಯ ಯಜಮಾನನೇ. ಆ ತಿದ್ದುಪಡಿಯನ್ನು ಓದಿ, ಪರೀಕ್ಷಿಸಿ, ಒಪ್ಪಿಕೊಂಡರೆ, ಕೊಟ್ಟವನು ಮರೆತುಹೋದ ಮೇಲೂ ಅದರ ಗುಣದೋಷಗಳ ಹೊಣೆ ಇವನದು. ಒಲ್ಲೆನೆಂದರೆ ಕೊಟ್ಟವನಿಗೆ ಮುನಿಸು. ಮನಸ್ಸು ನೋಯದಂತೆ ‘ಇದು ಬೇಡ’ ಎನ್ನುವುದು ದೊಡ್ಡ ವಿದ್ಯೆ; ಆ ವಿದ್ಯೆಯನ್ನು ಯಾವ ಎಂಜಿನಿಯರಿಂಗ್ ಕಾಲೇಜೂ ಪಾಠಪಟ್ಟಿಗೆ ಸೇರಿಸಿದಂತಿಲ್ಲ. ಸ್ವತಃ ಟೊರ್ವಾಲ್ಡ್ಸರೇ ಸಹೋದ್ಯೋಗಿಗಳ ಮೇಲೆ ಪ್ರಯೋಗಿಸುತ್ತಿದ್ದ ಕಟುನುಡಿಗಾಗಿ 2018ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ಕಾಲ ಕೆಲಸದಿಂದ ದೂರ ಸರಿದು ನಿಂತರು. ಇಪ್ಪತ್ತೇಳು ವರ್ಷಗಳ ಯಜಮಾನಿಕೆಯ ಅನಂತರದ ಮಾತು ಅದು.

ಇಂತಹ ಯಜಮಾನರಲ್ಲಿ ಫಿನ್‌ಲೆಂಡಿನ ಲಾಸ್ಸೆ ಕಾಲಿನ್ ಒಬ್ಬರು. ಅವರು ನೋಡಿಕೊಳ್ಳುತ್ತಿರುವುದು ಎಕ್ಸ್‌ಝಡ್ ಯುಟಿಲ್ಸ್ ಎಂಬ ತಂತ್ರಾಂಶವನ್ನು. ಪ್ರಯಾಣಕ್ಕೆ ಹೊರಡುವಾಗ ಹಾಸಿಗೆಯನ್ನು ಸುತ್ತಿ, ಹೋಲ್ಡಾಲಿಗೆ ಸೇರಿಸಿ, ಬಿಗಿದು ಕಟ್ಟುವುದಿಲ್ಲವೆ? ಕಂಪ್ಯೂಟರಿನ ಕಡತಗಳಿಗೆ ಅದೇ ಉಪಚಾರವನ್ನು ಮಾಡಿ ಗಾತ್ರ ಕುಗ್ಗಿಸುವುದು ಇದರ ಕೆಲಸ. ಬಹು ಸಾಮಾನ್ಯವಾದ, ಯಾರ ಕಣ್ಣಿಗೂ ಬೀಳದ ಕೆಲಸ. ಆದುದರಿಂದಲೇ ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರುಗಳಲ್ಲಿ ಅದು ಸೇರಿಕೊಂಡಿದೆ. ಕಾಲಿನ್ ಬಹುಮಟ್ಟಿಗೆ ಒಬ್ಬರೇ, ಬಿಡಿಗಾಸಿನ ಸಂಬಳವಿಲ್ಲದೆ, ವರ್ಷಾನುಗಟ್ಟಲೆ ಅದನ್ನು ಸಾಕಿಕೊಂಡು ಬಂದಿದ್ದರು.

2021ರ ಕೊನೆಯ ಭಾಗದಲ್ಲಿ ಜಿಯಾ ಟಾನ್ ಎಂಬ ಹೆಸರಿನವನೊಬ್ಬ ಅವರಿಗೆ ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳುಹಿಸತೊಡಗಿದ. ಕೆಲಸ ಅಚ್ಚುಕಟ್ಟು, ಮಾತು ವಿನಯ. ಮರುವರ್ಷ ಬೇರೆ ಕೆಲವು ಹೆಸರುಗಳಿಂದ ಬೇರೊಂದು ಬಗೆಯ ಪತ್ರಗಳು ಬರಲಾರಂಭಿಸಿದವು. ಕೆಲಸ ನಿಧಾನವಾಗಿದೆ, ಯಜಮಾನರಿಗೆ ಆಸಕ್ತಿ ಬತ್ತಿದೆ, ಹೊಸಬರಿಗೆ ಬಿಟ್ಟುಕೊಡದ ಹೊರತು ಇದು ಮುಂದುವರಿಯದು ಎಂಬ ಧಾಟಿಯ ಪತ್ರಗಳು ಅವು. 2022ರ ಜೂನ್ ತಿಂಗಳಲ್ಲಿ ಕಾಲಿನ್ ಶಾಂತವಾಗಿಯೇ ಉತ್ತರ ಕೊಟ್ಟರು: ಆಸಕ್ತಿ ಹೋಗಿಲ್ಲ, ಆದರೆ ಬಹುಕಾಲದಿಂದ ಮನಸ್ಸಿನ ಆರೋಗ್ಯ ಚೆನ್ನಾಗಿಲ್ಲ, ಇದು ಹಣ ಬಾರದ ಹವ್ಯಾಸದ ಕೆಲಸವೆಂಬುದನ್ನು ಮರೆಯಬಾರದು. ಅಷ್ಟು ಹೇಳಿದ ಮೇಲೆ ಎಂತಹ ಒರಟನೂ ಸುಮ್ಮನಾಗಬೇಕಿತ್ತು. ಅತ್ತಲಿಂದ ಬಂದ ಉತ್ತರದಲ್ಲಿ ನಿಮ್ಮ ಅಸ್ವಾಸ್ಥ್ಯಕ್ಕೆ ವಿಷಾದವಿದೆ, ಆದರೆ ಬಳಸುವವರಿಗೆ ಇನ್ನೂ ಹೆಚ್ಚು ಬೇಕಾಗಿದೆ ಎಂಬ ಅರ್ಥದ ಮಾತಿತ್ತು. ‘ಆದರೆ’ ಎಂಬ ಅವ್ಯಯಕ್ಕೆ ಇಷ್ಟು ಕ್ರೂರವಾದ ಪ್ರಯೋಗ ಬೇರೆಲ್ಲಿಯೂ ಸಿಕ್ಕಲಾರದು.

ಬಳಲಿದವನಿಗೆ ಪಕ್ಕದಲ್ಲಿಯೇ ಒಬ್ಬ ಸಮರ್ಥ ಸಹಾಯಕ ಸಿಕ್ಕಿದ್ದಾನೆ. ಯಜಮಾನಿಕೆಯ ಭಾರವನ್ನು ಸ್ವಲ್ಪಸ್ವಲ್ಪವಾಗಿ ಅವನ ಹೆಗಲಿಗೆ ದಾಟಿಸುವುದಲ್ಲದೆ ಮತ್ತೇನು ಮಾಡಿಯಾನು? ಜಿಯಾ ಟಾನನಿಗೆ ಬೀಗದ ಕೈಗೊಂಚಲು ಸಿಕ್ಕಿತು. ಅವನು ಅವಸರಪಡಲಿಲ್ಲ. 2024ರ ಫೆಬ್ರವರಿಯವರೆಗೆ ಕಾದ. ಆ ತಿಂಗಳು ಹೊರಬಂದ 5.6.0 ಎಂಬ ಆವೃತ್ತಿಯೊಳಗೆ ಅವನು ಒಂದು ಹಿತ್ತಿಲ ಬಾಗಿಲನ್ನು ಇಟ್ಟಿದ್ದ.

ಇಟ್ಟ ಜಾಣ್ಮೆಯಾದರೂ ಎಂತಹುದು! ಕೆಟ್ಟ ಕಡತ ಎದುರಾದಾಗ ತಂತ್ರಾಂಶ ಹೇಗೆ ನಡೆದುಕೊಳ್ಳುವುದೆಂದು ಪರೀಕ್ಷಿಸಲು ಇಂತಹ ಯೋಜನೆಗಳಲ್ಲಿ ಬೇಕೆಂದೇ ಕೆಡಿಸಿದ ಕೆಲವು ಕಡತಗಳನ್ನು ಇಟ್ಟಿರುತ್ತಾರೆ. ಕೆಟ್ಟದ್ದೆಂದು ಹಣೆಪಟ್ಟಿ ಹಚ್ಚಿದ ಕಡತದೊಳಗೆ ನಿಜವಾಗಿಯೂ ಕೆಟ್ಟದ್ದನ್ನು ಬಚ್ಚಿಟ್ಟರೆ ಯಾರಿಗೆ ಸಂಶಯ ಬಂದೀತು? ಅದನ್ನು ಬಿಚ್ಚಿ ಕೆಲಸಕ್ಕೆ ಹಚ್ಚುವ ಸಾಲುಗಳು ಎಲ್ಲರೂ ನೋಡುವ ಮೂಲಬರಹದಲ್ಲಿ ಇರಲೇ ಇಲ್ಲ. ಹಂಚಿಕೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇದ್ದವು. ದೂರದಿಂದ ಬರುವವರ ಗುರುತನ್ನು ಪರೀಕ್ಷಿಸಿ ಸರ್ವರಿನೊಳಗೆ ಬಿಡುವ ಎಸ್‌ಎಸ್‌ಎಚ್ ಎಂಬ ದ್ವಾರಪಾಲಕನೊಬ್ಬನುಂಟು. ಕೆಲವು ಲಿನಕ್ಸ್ ಬಳಗಗಳಲ್ಲಿ ಆ ದ್ವಾರಪಾಲಕ ಇನ್ನೊಂದು ತಂತ್ರಾಂಶವನ್ನು ನೆಚ್ಚಿದ್ದ, ಅದು ಎಕ್ಸ್‌ಝಡ್ಡನ್ನು ನೆಚ್ಚಿತ್ತು. ಈ ನೆಂಟಸ್ತಿಕೆಯ ದಾರಿಯಿಂದ ನುಗ್ಗಿ ದ್ವಾರಪಾಲಕನನ್ನೇ ವಶಪಡಿಸಿಕೊಳ್ಳುವುದು ಹಂಚಿಕೆ. ಗುಪ್ತವಾದ ಒಂದು ಕೀಲಿ ಕೈಯಲ್ಲಿರುವವನು ಆ ಬಾಗಿಲಿನಿಂದ ಒಳಹೊಕ್ಕು ತನಗೆ ತೋರಿದ ಆಜ್ಞೆಯನ್ನು ನಡೆಯಿಸಬಹುದಿತ್ತು.

ಗುಟ್ಟು ರಟ್ಟಾದದ್ದು ಅರ್ಧ ಸೆಕೆಂಡಿನಿಂದ. ಸಾನ್ ಫ್ರಾನ್ಸಿಸ್ಕೋದಲ್ಲಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ವೇಗವನ್ನು ಅಳೆಯುತ್ತಿದ್ದರು. ಕಂಪ್ಯೂಟರಿನೊಳಗೆ ಪ್ರವೇಶಿಸುವುದು ಎಂದಿಗಿಂತ ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಅವರಿಗೆ ಅನಿಸಿತು. ಇನ್ನೊಬ್ಬನಾಗಿದ್ದರೆ ಒಂದು ಗುಟುಕು ಕಾಫಿ ಕುಡಿದು ಮರೆಯುತ್ತಿದ್ದ. ಇವರು ಮರೆಯಲಿಲ್ಲ. ದಾರದ ತುದಿ ಹಿಡಿದು ಜಗ್ಗುತ್ತ ಹೋಗಿ, 2024ರ ಮಾರ್ಚ್ 29ರಂದು ಇಡೀ ಕುತಂತ್ರವನ್ನು ಲೋಕದ ಮುಂದಿಟ್ಟರು. ಆ ವೇಳೆಗೆ ಹೊಸ ಆವೃತ್ತಿ ಡೆಬಿಯನ್, ಫೆಡೋರಾ ಮೊದಲಾದ ಬಳಗಗಳ ಪರೀಕ್ಷಾರ್ಥ ಶಾಖೆಗಳನ್ನು ಹೊಕ್ಕಿತ್ತು. ಬ್ಯಾಂಕು ಆಸ್ಪತ್ರೆಗಳು ನೆಚ್ಚುವಂತಹ ಸ್ಥಿರ ಆವೃತ್ತಿಗಳನ್ನು ಇನ್ನೂ ಮುಟ್ಟಿರಲಿಲ್ಲ. ಜಿಯಾ ಟಾನ್ ಯಾರು, ಒಬ್ಬನೋ ಹಲವರೋ, ಇದುವರೆಗೆ ಪತ್ತೆಯಾಗಿಲ್ಲ.

ಬರಹ ತೆರೆದಿದ್ದರಿಂದಲೇ ಕಳ್ಳ ಬಂದ ಎಂದು ಕೆಲವರು ವಾದಿಸಿದರು. ತೆರೆದಿದ್ದರಿಂದಲೇ ಸಿಕ್ಕಿಬಿದ್ದ ಎಂದು ಇನ್ನು ಕೆಲವರು. ಈ ತರ್ಕದ ಗದ್ದಲದಲ್ಲಿ ಮುಖ್ಯವಾದುದೊಂದು ಮರೆಯಾಗುತ್ತದೆ. ಕಳ್ಳ ಒಡೆದದ್ದು ಬೀಗವನ್ನಲ್ಲ, ಒಬ್ಬ ಮನುಷ್ಯನ ಆಯಾಸವನ್ನು. ಬಂದ ಸಹಾಯವನ್ನು ನಂಬಿದ್ದು ಕಾಲಿನ್ನರ ದೋಷವಾಗಲಾರದು. ನಂಬದೆ ಇಂತಹ ಕೆಲಸ ಒಂದು ದಿನವೂ ನಡೆಯದು. ಅಷ್ಟು ಸರ್ವರುಗಳಿಗೆ ಬೇಕಾದ ವಸ್ತುವನ್ನು ಒಬ್ಬನ ಹೆಗಲಿಗೆ ಬಿಟ್ಟು, ಅವನು ದಣಿದಿದ್ದೇನೆಂದು ಹೇಳಿದಾಗಲೂ ತಿರುಗಿ ನೋಡದ ಶ್ರೀಮಂತ ಬಳಕೆದಾರರು ಉತ್ತರ ಹೇಳಬೇಕು. ಇದು ಅವರಿಗೆ ಹೊಸ ಪಾಠವೂ ಆಗಿರಲಿಲ್ಲ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಭಾರಿ ದೋಷ ಕಂಡುಬಂದಿತು. ಅಂತರ್ಜಾಲದ ಹಣದ ವ್ಯವಹಾರಗಳಲ್ಲಿ ಬಹುಪಾಲಿಗೆ ಗುಟ್ಟು ಕಾಯುತ್ತಿದ್ದ ಆ ಯೋಜನೆಗೆ ಅದುವರೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರು. ದೋಷ ಹೊರಬಿದ್ದ ಮೇಲೆ ಕಂಪೆನಿಗಳು ಓಡೋಡಿ ಬಂದು ಹಣ ಸುರಿದವು. ಸೂರು ಕುಸಿದ ಮೇಲೆ ಕಂಬಕ್ಕೆ ಬಣ್ಣ ಹಚ್ಚಲು ಬಂದಂತೆ.

ಹಣದಿಂದಲೇ ಎಲ್ಲವೂ ಪರಿಹಾರವಾಗುವುದೆಂದಲ್ಲ. ಭಾರವನ್ನು ಇಳಿಸುವುದಕ್ಕೆ ಒಂದು ಜಗಲಿ ಬೇಕು. ಪೈಥಾನ್ ಎಂಬ ಪ್ರಸಿದ್ಧ ಕಂಪ್ಯೂಟರ್ ಭಾಷೆಯನ್ನು ರಚಿಸಿದ ಗೀಡೋ ವಾನ್ ರೋಸಮ್ ಅದರ ಕೊನೆಯ ಮಾತು ತಮ್ಮದೆಂಬ ಸ್ಥಾನದಲ್ಲಿ ಬಹುಕಾಲ ಇದ್ದರು. ‘ಆಜೀವ ದಯಾಳು ಸರ್ವಾಧಿಕಾರಿ’ ಎಂದು ಗೆಳೆಯರು ಅವರಿಗೆ ವಿನೋದದ ಬಿರುದು ಕೊಟ್ಟಿದ್ದರು. 2018ರಲ್ಲಿ ಒಂದು ವಿಸರ್ಗದಂತಹ ಗುರುತಿನ ಮುಂದೆ ಸಮಚಿಹ್ನೆಯನ್ನು ಬರೆಯುವ ಹೊಸ ಪ್ರಯೋಗವನ್ನು ಭಾಷೆಗೆ ಸೇರಿಸಬೇಕೆ ಬೇಡವೆ ಎಂಬ ವಿಷಯದಲ್ಲಿ ಎಷ್ಟು ಜಗಳವಾಯಿತೆಂದರೆ, ಸೇರಿಸುವುದೆಂದು ತೀರ್ಮಾನಿಸಿದ ಕೆಲವೇ ದಿನಗಳಲ್ಲಿ ಅವರು ಅಧಿಕಾರ ಬಿಟ್ಟರು. ಅರ್ಕಾವೊತ್ತನ್ನು ಉಳಿಸಬೇಕೆ, ಶಕಟರೇಫವನ್ನು ಕೈಬಿಡಬೇಕೆ ಎಂದು ವಿದ್ವಾಂಸರು ಹಾಕಿದ ಪಟ್ಟುಗಳನ್ನು ಕಂಡ ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಲಾರದು. ಉತ್ತರಾಧಿಕಾರಿಯನ್ನು ಹೆಸರಿಸದೆಯೇ ಅವರು ಎದ್ದರು. ಬಳಗದವರು ತಿಂಗಳುಗಟ್ಟಲೆ ಚರ್ಚಿಸಿ, ಮತ ಹಾಕಿ, ಐದು ಜನರ ಸಮಿತಿಯೊಂದನ್ನು 2019ರಲ್ಲಿ ಆರಿಸಿದರು. ಸಿಂಹಾಸನದಿಂದ ಇಳಿದವರು ಆ ಮೊದಲನೆಯ ಸಮಿತಿಯಲ್ಲಿ ಐವರೊಳಗೊಬ್ಬ ಸದಸ್ಯರಾಗಿ ಕುಳಿತರು!

1993ರಲ್ಲಿ ಹುಟ್ಟಿದ ಡೆಬಿಯನ್ ಬಳಗದವರು ಇದನ್ನು ಬಹು ಹಿಂದೆಯೇ ಊಹಿಸಿದ್ದರೆಂದು ತೋರುತ್ತದೆ. ಸುಮಾರು ಸಾವಿರ ಮಂದಿ ಸದಸ್ಯರ ಆ ಬಳಗಕ್ಕೆ 1998ರಿಂದ ಬರೆದಿಟ್ಟ ಸಂವಿಧಾನವಿದೆ. ನಾಯಕನ ಚುನಾವಣೆ ವರ್ಷಕ್ಕೊಮ್ಮೆ. ಆ ಸಂವಿಧಾನದ ಆರಂಭದ ಭಾಗದಲ್ಲಿಯೇ ಒಂದು ನಿಯಮವುಂಟು: ಬಳಗಕ್ಕಾಗಿ ಕೆಲಸ ಮಾಡಲೇಬೇಕೆಂಬ ಕಡ್ಡಾಯ ಯಾರ ಮೇಲೂ ಇಲ್ಲ, ಒಪ್ಪಿಸಿದ ಕೆಲಸ ಬೇಡವೆನಿಸಿದವನು ಬಿಡಬಹುದು, ಮಾಡುವವರಿಗೆ ಅಡ್ಡಿಯಾಗಬಾರದು, ಅಷ್ಟೆ. ಸೋಮಾರಿಗಳಿಗೆ ಬರೆದುಕೊಟ್ಟ ಪರವಾನಗಿಯಂತೆ ಇದು ಮೇಲುನೋಟಕ್ಕೆ ಕಾಣಬಹುದು. ಆದರೂ ಈ ಪರವಾನಗಿಯ ಮೇಲೆಯೇ ಆ ಬಳಗ ಮೂವತ್ತು ವರ್ಷಗಳಿಗೂ ಮೀರಿ ಬಾಳಿದೆ. ಬಡಾವಣೆಯ ಸಂಗೀತ ಸಭೆಗಳವರು ತಮ್ಮ ನಿಯಮಾವಳಿಗೆ ಇದನ್ನು ಸೇರಿಸಿಕೊಂಡರೆ ಎಷ್ಟೋ ಕಾರ್ಯದರ್ಶಿಗಳ ರಕ್ತದೊತ್ತಡ ಇಳಿದೀತು.

ಇತ್ತ ಕಾಲಿನ್ನರ ಗತಿ ಏನಾಯಿತು? ಹಿತ್ತಿಲ ಬಾಗಿಲಿನ ಸುದ್ದಿ ಹಬ್ಬಿದ ಕೂಡಲೆ ಯೋಜನೆಯ ಬರಹವನ್ನು ಇಟ್ಟಿದ್ದ ಗಿಟ್‌ಹಬ್ ಸಂಸ್ಥೆ ಅದಕ್ಕೆ ಬೀಗ ಹಾಕಿತು. ಆ ಭರದಲ್ಲಿ ಅವರ ಸ್ವಂತ ಖಾತೆಗೂ ಬೀಗ ಬಿತ್ತು. ಬೀಗ ತೆರೆದ ಮೇಲೆ ಅವರು ಮತ್ತೆ ಕುಳಿತು, ಜಿಯಾ ಟಾನ್ ಕೈಯಾಡಿಸಿದ್ದ ಬರಹವನ್ನು ಪರಿಶೀಲಿಸಿ, ಸೋಸಿ, ವಿಷವನ್ನು ಕಿತ್ತೆಸೆದು, 2024ರ ಮೇ 29ರಂದು 5.6.2 ಎಂಬ ಶುದ್ಧ ಆವೃತ್ತಿಯನ್ನು ಹೊರತಂದರು. 2025ರಲ್ಲಿ 5.8 ಬಂದಿತು. ಕೆಲಸ ನಿಧಾನವೆಂದು 2022ರಲ್ಲಿ ಅವರನ್ನು ಅವಸರಪಡಿಸಿದ್ದ ಹೆಸರುಗಳಿಂದ ಈ ಬಾರಿ ಒಂದು ಸಾಲೂ ಬರಲಿಲ್ಲ.