ಕಡ್ಡಿಯ ಮೇಲೊಂದು ಕುಣಿಕೆ

ಕೈಕೆಲಸ ಮಾಡುವ ಹೆಂಗಸರಲ್ಲಿ ಎರಡು ಬಗೆ. ಹಿಡಿದದ್ದನ್ನು ಪೂರ್ತಿ ಮುಗಿಸಿ, ಗಂಟು ಹಾಕಿ, ಇಸ್ತ್ರಿ ಮಾಡಿಟ್ಟು, ಆಮೇಲೆ ಇನ್ನೊಂದಕ್ಕೆ ಕೈ ಹಾಕುವವರು ಮೊದಲನೆಯ ಬಗೆ. ಅಂಥವರು ಇದ್ದಾರೆಂದು ಕೇಳಿದ್ದೇನೆ, ನೋಡಿಲ್ಲ. ಎರಡನೆಯವರು ನಮ್ಮಂಥವರು. ನಮ್ಮ ಬೀರುವಿನ ಕೆಳಗಿನ ಖಾನೆ ತೆರೆದರೆ ಅರ್ಧ ತೋರಣ, ಒಂದೇ ಒಂದು ಕಾಲುಚೀಲ, ಟೀಪಾಯಿ ಬಟ್ಟೆಯ ನಡುವಿನ ಹೂವು, ಯಾವುದೋ ಮದುವೆಮನೆಯಲ್ಲಿ ಲಗ್ನಪತ್ರಿಕೆಯ ಹಿಂದೆ ಬರೆದುಕೊಂಡ ಮಾದರಿ, ಎಲ್ಲವೂ ಒಟ್ಟಿಗೆ ಹೊರಗೆ ಬೀಳುತ್ತವೆ. ಇಂಥ ಖಾನೆ ಇರುವವರಿಗೆ ಒಂದು ವಾರದ ರಜೆ ಸಿಕ್ಕಿತೆಂದರೆ ಮೊದಲು ಮಾಡುವ ಕೆಲಸ ಪಟ್ಟಿ ಬರೆಯುವುದು.

ಒಂದು ದಸರೆ ರಜೆಯಲ್ಲಿ ನಾನೂ ಹಳೆಯ ಪ್ರಶ್ನೆಪತ್ರಿಕೆಯ ಹಿಂದೆ ಪಟ್ಟಿ ಬರೆದೆ. ಗೊಂಬೆ ಕೂರಿಸುವ ಮೆಟ್ಟಿಲಿಗೆ ಲೇಸು, ಪಕ್ಕದ ಮನೆಯವರ ಸೀರೆಗೆ ಕುಚ್ಚು, ಬಾಗಿಲಿನ ತೋರಣ, ಎರಡು ಮನೆಗಳ ಹೂದೋಟ ನೋಡುವುದು, ಡೇರೆ ಗಿಡಗಳಿಗೆ ಗುರುತು ಹಾಕುವುದು. ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ, ಚಿಕ್ಕಮ್ಮನ ಹೊದಿಕೆ. ನಮ್ಮವರು ಕನ್ನಡಕ ಏರಿಸಿ ಓದಿ, "ಇದು ದಸರೆ ರಜೆಯೋ, ಪಂಚವಾರ್ಷಿಕ ಯೋಜನೆಯೋ?" ಎಂದರು. ನಾನು ಉತ್ತರ ಕೊಡಲಿಲ್ಲ. ದಾರದ ಉಂಡೆ ಹುಡುಕುವುದಿತ್ತು.

ಹೊದಿಕೆಯ ವಿಷಯ ಹೇಳಬೇಕು. ನನಗೆ ಕ್ರೋಶಾ ಕಡ್ಡಿ ಹಿಡಿಯುವುದನ್ನು ಕಲಿಸಿದವಳು ಚಿಕ್ಕಮ್ಮ. ಆಗ ನನಗೆ ಒಂಬತ್ತು ವರ್ಷ. ಈಗ ಅವಳ ಬೆರಳ ಗಿಣ್ಣುಗಳು ಬಾತುಕೊಂಡಿವೆ, ಒಂದು ಕಣ್ಣು ಮಂಜಾಗಿದೆ. ಮೊಮ್ಮಗಳ ಮದುವೆಗೆಂದು ಆರಂಗುಲದ ಬಿಳಿ ಚೌಕಗಳನ್ನು ಹಾಕುತ್ತಾ ಬಂದಿದ್ದಳು. ಹತ್ತು ಸಾಲು, ಸಾಲಿಗೆ ಹದಿನೈದು, ಒಟ್ಟು 150 ಆಗಬೇಕಿತ್ತು. 97ಕ್ಕೆ ಕೈ ನಿಂತಿತು. ಮದುವೆ ಕಾರ್ತಿಕದಲ್ಲಿ. ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ, ಊರಿನವರೊಬ್ಬರ ಕೈಲಿ ಬಸ್ಸಿನಲ್ಲಿ ಕಳಿಸಿ, ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಆದಷ್ಟು ಹಾಕು."

ಒಂದು ಚೌಕಕ್ಕೆ ಒಂದು ಗಂಟೆ. ದಿನಕ್ಕೆ ನಾಲ್ಕು ಎಂದರೆ ವಾರಕ್ಕೆ 28. ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇತ್ತು.

ಸೋಮವಾರ ಹಾಕಿದ ಮೊದಲ ಚೌಕ ಚಿಕ್ಕಮ್ಮನದಕ್ಕಿಂತ ಕಾಲಂಗುಲ ಸಣ್ಣದಾಯಿತು. ಅದೇ ದಾರ, ಅದೇ ಎರಡು ಮಿಲಿಮೀಟರಿನ ಕಡ್ಡಿ, ಅಷ್ಟೇ ಸರಪಳಿ, ಅಷ್ಟೇ ಕಂಬ. ಆದರೂ ಅಳತೆ ಬೇರೆ. ಈ ಕೆಲಸ ಬಲ್ಲವರಿಗೆ ಇದು ಹೊಸದಲ್ಲ. ಅಕ್ಷರದ ಹಾಗೆಯೇ ದಾರ ಹಿಡಿಯುವ ಬಿಗಿಯೂ ಒಬ್ಬೊಬ್ಬರದು ಒಂದೊಂದು. ಮದ್ದೂ ಗೊತ್ತಿದ್ದದ್ದೇ: ಕೈ ಬಿಗಿಯಾದವರು ಒಂದು ಅಳತೆ ದಪ್ಪದ ಕಡ್ಡಿ ಹಿಡಿಯಬೇಕು. ಎರಡೂವರೆ ಮಿಲಿಮೀಟರಿನದು ಹಿಡಿದೆ, ಎರಡನೆಯ ಚೌಕ ಸರಿಹೋಯಿತು. ಮೊದಲನೆಯದನ್ನು ನೀರಿನಲ್ಲಿ ಅದ್ದಿ, ದಿಂಬಿನ ಮೇಲೆ ಎಳೆದು, ಸುತ್ತ ಗುಂಡುಸೂಜಿ ಚುಚ್ಚಿ ಒಣಗಿಸಿದೆ. ಹತ್ತಿಯ ದಾರ ಒದ್ದೆಯಲ್ಲಿ ಹೇಳಿದ ಮಾತು ಕೇಳುತ್ತದೆ.

ಮಂಗಳವಾರ ಮೂರು ಚೌಕ. ನಡುವೆ ಕುಕ್ಕರ್ ಕೂಗಿತು, ಹಾಲಿನವನು ಬಂದ, ಗ್ಯಾಸಿನವನು ಬಂದ. ಪ್ರತಿ ಸಲವೂ ಕೈಯಲ್ಲಿದ್ದುದನ್ನು ಹಾಗೆಯೇ ಮೇಜಿನ ಮೇಲಿಟ್ಟು ಎದ್ದೆ. ಕ್ರೋಶಾದ ದೊಡ್ಡ ಗುಣವೇ ಇದು. ಉಣ್ಣೆಯ ಸ್ವೆಟರ್ ಹೆಣೆಯುವಾಗ ಕಡ್ಡಿಯ ತುಂಬ ನೂರಾರು ಕುಣಿಕೆಗಳು ಜೀವ ಹಿಡಿದು ಕೂತಿರುತ್ತವೆ, ಕಡ್ಡಿ ಜಾರಿದರೆ ಎಲ್ಲವೂ ಹೋದವು. ಕ್ರೋಶಾದಲ್ಲಿ ಸಾಮಾನ್ಯವಾಗಿ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಅದನ್ನು ಸ್ವಲ್ಪ ಉದ್ದಕ್ಕೆ ಎಳೆದಿಟ್ಟು ಎದ್ದರೆ ಸಾಕು, ಒಗ್ಗರಣೆ ಹಾಕಿ ಬರಬಹುದು, ಅತಿಥಿಗಳಿಗೆ ಕಾಫಿ ಕೊಟ್ಟು ಬರಬಹುದು. ಹೆಂಗಸರ ದಿನದ ತುಂಡುತುಂಡು ಹೊತ್ತಿಗೆ ಇಷ್ಟು ಹೊಂದುವ ಕೆಲಸ ಇನ್ನೊಂದಿಲ್ಲ. ಕೈಯ ಕ್ರೋಶಾವನ್ನು ಹಾಗೆಯೇ ಹಾಕಿಕೊಡುವ ಯಂತ್ರ ಇಲ್ಲ. ಅಂಗಡಿಯಲ್ಲಿ ನಿಜವಾದ ಕ್ರೋಶಾ ಕಂಡರೆ ಅದರ ಹಿಂದೆ ಯಾರದೋ ಎರಡು ಕೈ ಇದೆ ಎಂದೇ ಅರ್ಥ.

ಬುಧವಾರ ಪಕ್ಕದ ಮನೆಯವರು ಸೀರೆ ತಂದರು. "ಸಂಜೆಗೆ ಉಡಬೇಕು ಟೀಚರ್, ಕುಚ್ಚು ಹಾಕಿಕೊಡಿ. ಹೇಗೂ ರಜೆ, ನಿಮಗೂ ಹೊತ್ತು ಹೋಗುತ್ತೆ" ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತೇ. ಆದರೆ ನನ್ನ ಹೊತ್ತು ತಾನಾಗಿಯೇ ಹೋಗುತ್ತಿತ್ತು, ಯಾರೂ ನೂಕಬೇಕಾಗಿರಲಿಲ್ಲ. ಆ ದಿನ ಕುಚ್ಚಿನಲ್ಲೇ ಕಳೆದು ಒಂದೇ ಚೌಕವಾಯಿತು.

ಈ "ಹೊತ್ತು ಹೋಗುತ್ತೆ" ಎನ್ನುವ ಮಾತು ಸಣ್ಣದಲ್ಲ. ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಹೆಂಗಸರಿಗೆ ಲೇಸು ಹಾಕುವುದನ್ನು ಕಲಿಸಿದರು. ಅಲ್ಲಿಯ ಲೇಸು ಹೊರದೇಶಗಳಿಗೂ ಹೋಯಿತು. ಜರ್ಮನಿಯ ವಿದುಷಿ ಮರಿಯಾ ಮೀಸ್ ಅವರು ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಮನೆಯಲ್ಲಿ ಕೂತು ದಿನವಿಡೀ ಹಾಕುವ ಹೆಂಗಸರು ಲೆಕ್ಕದಲ್ಲಿ ಬರೀ "ಗೃಹಿಣಿಯರು", ಅದು ಬಿಡುವಿನ ಕೆಲಸ. ಅದನ್ನು ಮಾರುವವರು ಮಾತ್ರ ವ್ಯಾಪಾರಿಗಳು. ಬಿಡುವಿನ ಕೆಲಸವೆಂದ ಮೇಲೆ ಕೂಲಿಯೂ ಬಿಡುವಿನಷ್ಟೇ. 1845ರಿಂದ ಕೆಲವು ವರ್ಷ ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಭೀಕರ ಬರ ಬಿದ್ದಾಗ, ಅಲ್ಲಿಯ ಎಷ್ಟೋ ಮನೆಗಳ ಒಲೆ ಉರಿಸಿದ್ದು ಇದೇ ಕಡ್ಡಿ. ಹೊತ್ತು ಕಳೆಯಲು ಹಾಕಿದ್ದಲ್ಲ ಅದು, ಹೊಟ್ಟೆಗೆ ಹಾಕಿದ್ದು.

ಗುರುವಾರ ಹೂದೋಟದ ದಿನ. ನಮ್ಮ ಸಾಗರದ ಕಡೆ ಮಳೆಗಾಲ ಹಿಡಿಯಿತೆಂದರೆ ಡೇರೆಯ ಕಾಲ. ಶ್ರಾವಣದಿಂದ ದಸರೆಯವರೆಗೆ ಹಳ್ಳಿಯ ಅಂಗಳಗಳಲ್ಲಿ ಕೆಂಪು, ಹಳದಿ, ಕೆನ್ನೀಲಿ, ಬಿಳಿ ಅಂಚಿನವು, ಚೆಂಡಿನಂಥವು, ಎಸಳು ಸುರುಳಿ ಸುತ್ತಿದವು. ಇದರ ತವರು ಮೆಕ್ಸಿಕೋ, ಹೆಸರು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಡಾಲ್ ಅವರದು. ಡಾಲಿಯಾ ನಮ್ಮ ಬಾಯಲ್ಲಿ ಡೇರೆಯಾಗಿ, ಇಲ್ಲಿಯವಳೇ ಆಗಿಬಿಟ್ಟಿದೆ. ತೋಟ ನೋಡಲು ಹೋಗುವುದೆಂದರೆ ಬರೀ ನೋಡುವುದಲ್ಲ, ಕೇಳುವುದು. ಕದ್ದ ಗಿಡ ಚೆನ್ನಾಗಿ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಆದ್ದರಿಂದ ಮನೆಯಾಕೆ ನಾವು ಹಿತ್ತಿಲಿನಲ್ಲಿರುವಾಗ ಬೇಕೆಂದೇ ಕಾಫಿ ಮಾಡಲು ಒಳಗೆ ಹೋಗುತ್ತಾಳೆ.

ಆದರೆ ಡೇರೆಯ ಗೆಡ್ಡೆಯನ್ನು ಹೂವಿರುವಾಗ ಕೀಳುವಂತಿಲ್ಲ. ಹೂ ಹೋಗಿ ಗಿಡ ಒಣಗಿದ ಮೇಲೆ ನೋಡಿದರೆ ಎಲ್ಲ ಗೆಡ್ಡೆಯೂ ಒಂದೇ ಬಣ್ಣ. ಅದಕ್ಕೇ ನಾನು ಉಳಿದ ದಾರದ ತುಂಡುಗಳನ್ನು ಚೀಲದಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಯಾವ ಬಣ್ಣದ ಹೂವೋ ಆ ಬಣ್ಣದ ದಾರ ಬುಡಕ್ಕೆ ಸಡಿಲವಾಗಿ ಕಟ್ಟುವುದು. ಬೇಸಿಗೆಯ ಕೊನೆಗೆ ಗೆಡ್ಡೆ ಬಿಡಿಸುವಾಗ ದಾರ ನೋಡಿ ಕೊಡುತ್ತಾರೆ. ಬಿಡಿಸುವಾಗಲೂ ಎಚ್ಚರ ಬೇಕು. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಡೇರೆಗೆ ಹಾಗಲ್ಲ. ಗೆಡ್ಡೆ ಕಾಂಡಕ್ಕೆ ಕೂಡುವ ಕುತ್ತಿಗೆಯ ಹತ್ತಿರ ಮಾತ್ರ ಮೊಳಕೆ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ.

ಬಸ್ಸಿನಲ್ಲಿ ಹೋಗುತ್ತ ಬರುತ್ತ ಎರಡು ಚೌಕವಾದವು. ಶುಕ್ರವಾರ ಆಯುಧಪೂಜೆ. ಕತ್ತರಿ, ಸೂಜಿ, ಹೊಲಿಗೆ ಯಂತ್ರದ ಜೊತೆ ಕ್ರೋಶಾ ಕಡ್ಡಿಗೂ ಕುಂಕುಮ ಹಚ್ಚಿ ಇಟ್ಟೆ. ಪೂಜೆಗಿಟ್ಟದ್ದನ್ನು ಮುಟ್ಟುವಂತಿಲ್ಲ, ಕಡ್ಡಿಗೂ ರಜೆ. ಕೈ ಮಾತ್ರ ಸುಮ್ಮನಿರಲಾರದೆ ಸೆರಗಿನ ತುದಿ ತಿರುವುತ್ತಿತ್ತು. ಶನಿವಾರ ವಿಜಯದಶಮಿ, ಊಟ ಮುಗಿದ ಮೇಲೆ ಮೂರು ಚೌಕ.

ಭಾನುವಾರ ಗಂಟು ಕಟ್ಟಿಕೊಂಡು ಚಿಕ್ಕಮ್ಮನ ಊರಿಗೆ ಹೋದೆ. ವಾರಕ್ಕೆ ಆದದ್ದು ಹನ್ನೊಂದು. ಅವಳು ಜಗುಲಿಯ ಮೇಲೆ ಕೂತು, ಚೌಕಗಳನ್ನು ಒಂದೊಂದಾಗಿ ಬೆರಳಿಂದ ಸವರಿ ಎರಡು ರಾಶಿ ಮಾಡಿದಳು. ಒಂದೂ ತಪ್ಪಲಿಲ್ಲ. ನನ್ನ ಹನ್ನೊಂದೂ ಬೇರೆಯಾಗಿ ಬಂದವು.

"ಅಳತೆ ಸರಿ ಮಾಡಿದ್ದೇನಲ್ಲ, ಹೇಗೆ ಗೊತ್ತಾಯ್ತು?" ಎಂದೆ.

"ಅಳತೆ ಸರಿಯೇ ಇದೆ. ನೀನು ಗಡಿಯಾರ ನೋಡ್ತಾ ಹಾಕಿದ್ದೀ" ಎಂದಳು.

ಆಮೇಲೆ ಲೆಕ್ಕ ಕೇಳಿದಳು. 97ಕ್ಕೆ 11 ಸೇರಿದರೆ 108. ಅವಳು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ನನಗಿಂತ ಮೊದಲೇ ಹೇಳಿದಳು: "ಒಂಬತ್ತು ಸಾಲು, ಸಾಲಿಗೆ ಹನ್ನೆರಡು. ನಾಲ್ಕೂವರೆ ಅಡಿ ಅಗಲ, ಆರಡಿ ಉದ್ದ. ಅವಳಿಗೆ ಅಷ್ಟು ಸಾಕು, ನಿಲ್ಲಿಸು." ನಾನು ಉಳಿದ 42ಕ್ಕೆ ದೀಪಾವಳಿವರೆಗಿನ ದಿನ ಎಣಿಸಿಟ್ಟಿದ್ದೆ. ಅವಳು ಒಪ್ಪಲಿಲ್ಲ. ಚಾಪೆಯ ಮೇಲೆ ಚೌಕಗಳನ್ನು ಹರವಿಸಿ, ನನ್ನವನ್ನು ಒಂದು ಮೂಲೆಗೆ ಬಿಡದೆ ತನ್ನವುಗಳ ನಡುನಡುವೆ ಇಡಿಸಿದಳು.

ಹೊರಡುವಾಗ ಅವಳ ಅಂಗಳದ ಕಪ್ಪುಗೆಂಪು ಡೇರೆಗೆ ದಾರ ಕಟ್ಟಿದೆ. "ಗಟ್ಟಿಯಾಗಿ ಕಟ್ಟು. ಬೇಸಿಗೆಯಲ್ಲಿ ಕೀಳುವವರು ಯಾರೋ ಏನೋ" ಎಂದಳು. ನಾನು ಇನ್ನೊಂದು ಸುತ್ತು ಸುತ್ತಿದೆ.

ಜೋಡಿಸಲು ಮೂರು ವಾರ ಹಿಡಿಯಿತು. ಮದುವೆಯ ದಿನ ಹೊದಿಕೆ ನೋಡಿದ ಬಂಧುವೊಬ್ಬರು, "ಅಜ್ಜಿಗೆ ಹೊತ್ತು ಹೋಗಬೇಕಲ್ಲ, ಪಾಪ" ಎಂದರು. ಚಿಕ್ಕಮ್ಮ ನಕ್ಕಳು. "ಹೋಗಿಲ್ಲ ಮಾರಾಯ, ಎಲ್ಲ ಇಲ್ಲೇ ಇದೆ, ಎಣಿಸಿಕೋ" ಎಂದಳು. ಆಮೇಲೆ ಮೊಮ್ಮಗಳನ್ನು ಹತ್ತಿರ ಕರೆದು ಹೇಳಿದ್ದು ಬೇರೆಯೇ: "ಅಂಟುವಾಳದ ನೀರಿನಲ್ಲಿ ತೊಳಿ. ಹಿಂಡಬೇಡ. ತಂತಿಗೆ ನೇತು ಹಾಕಬೇಡ, ಒದ್ದೆಯ ಭಾರಕ್ಕೆ ಜಗ್ಗುತ್ತೆ. ನೆರಳಿನಲ್ಲಿ ಹರವು."