ಅಪ್ಪನ ಕೊರಿಯಾ ಎಂಟಾಣೆ

ಕಳೆದ ದೀಪಾವಳಿಗೆ ಇಳಕಲ್ಲಿಗೆ ಹೋದಾಗ ಅಪ್ಪ ತನ್ನ ನಾಣ್ಯದ ಡಬ್ಬಿ ನನ್ನ ಕೈಗಿಟ್ಟ. ಸೀರೆ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ಗಲ್ಲಾಪೆಟ್ಟಿಗೆಗೆ ಬಂದ ಚಿಲ್ಲರೆಯಲ್ಲಿ ಏನಾದರೂ ಬೇರೆ ಥರ ಕಂಡರೆ, ತನ್ನ ಜೇಬಿನ ದುಡ್ಡು ಹಾಕಿ ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದ. ಈಗ ಕಣ್ಣು ಮಂಜು. "ಒಂದು ಪಟ್ಟಿ ಮಾಡಿ ಕೊಡವಾ" ಅಂದ.

ಬೆಂಗಳೂರಿಗೆ ತಂದು, ಒಂದು ನಾಣ್ಯ ಕ್ಯಾಟಲಾಗ್ ಮುಂದಿಟ್ಟುಕೊಂಡು ಎಕ್ಸೆಲ್ ಶೀಟ್ ತೆರೆದೆ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕೋಲ್ಕತಾ. 1985ರ ಎಂಟಾಣೆ, ಅಂದರೆ ಐವತ್ತು ಪೈಸೆ, ಎರಡಿದ್ದವು. ಎರಡರಲ್ಲೂ ನಕ್ಷತ್ರ. ಕ್ಯಾಟಲಾಗ್‌ನಲ್ಲಿ ಅದಕ್ಕೆ ಒಂದೇ ಸಾಲು: ಹೈದರಾಬಾದ್. ಹಾಗಾದರೆ ಒಂದು ಡುಪ್ಲಿಕೇಟ್ ಅಂತ ಪಕ್ಕದ ಮನೆ ಹುಡುಗನಿಗೆ ಕೊಟ್ಟುಬಿಟ್ಟೆ.

ಪಟ್ಟಿ ಓದಿ ಹೇಳಿದ ದಿನ ಅಪ್ಪ ಫೋನಿನಲ್ಲೇ ತಡೆದ.

"ಯವ್ವಾ, ಕೊರಿಯಾದ್ದು ಯಾಕ ಇಲ್ಲ?"

"ಯಾವ ಕೊರಿಯಾ ಅಪ್ಪಾ?"

"ಎಂಟಾಣಿ. ಚಿಕ್ಕಿ ಒಂದರ ಕೆಳಗ ಐತಿ ನೋಡು."

ಆಮೇಲೆ ಹುಡುಕಿದೆ. ಎಂಬತ್ತರ ದಶಕದಲ್ಲಿ ದೇಶದಲ್ಲಿ ಚಿಲ್ಲರೆಗೆ ಬರ. ನೋಯ್ಡಾ ಟಂಕಸಾಲೆ ಕೆಲಸ ಶುರುಮಾಡಿದ್ದು 1988ರಲ್ಲಿ. ಅದಕ್ಕೂ ಮೊದಲು ಸರ್ಕಾರ ಹೊರದೇಶಗಳಲ್ಲಿ ನಾಣ್ಯ ಅಚ್ಚು ಹಾಕಿಸಿ ತರಿಸಿತ್ತು. ಹಾಗೆ 1985ರ ಎಂಟಾಣೆ ದಕ್ಷಿಣ ಕೊರಿಯಾದಿಂದಲೂ ಬಂತು. ಹೈದರಾಬಾದಿನ ನಕ್ಷತ್ರ ಇಸವಿಯ ಕೆಳಗೆ ನಡುವೆ ಇರುತ್ತೆ, ಕೊರಿಯಾದ್ದು ಮೊದಲ ಅಂಕಿ 1ರ ಕೆಳಗೆ. ವ್ಯತ್ಯಾಸ ಅಷ್ಟೇ.

ಪಕ್ಕದ ಮನೆ ಬಾಗಿಲು ತಟ್ಟಿದೆ. "ಆಟ ಆಡ್ತಾ ಎಲ್ಲೋ ಬಿದ್ದೋಯ್ತು ಆಂಟಿ" ಅಂದ ಹುಡುಗ.

ಅಪ್ಪನಿಗೆ ಹೇಳೋದು ಹೇಗೆ? ವಿಡಿಯೊಗಳಲ್ಲಿ ಹೇಳುವ ಹಾಗೆ ಲಕ್ಷಗಟ್ಟಲೆ ಬೆಲೆಯ ನಾಣ್ಯವೇನಲ್ಲ ಅದು. "ಆನ್‌ಲೈನ್‌ನಾಗ ಸಿಗತೈತಿ, ಬ್ಯಾರೆ ತರಸ್ತೀನಿ" ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ಅದು ನಾ ಆರಿಸಿದ್ದಲ್ಲಲ್ಲ" ಅಂದ. ಆಮೇಲೆ ಅವನೇ, "ಹೋಗ್ಲಿ ಬಿಡು. ಮೊದಲ ಆ ಪುಸ್ತಕ ತಿದ್ದಸು. ಇಲ್ಲಾಂದ್ರ ನಿನ್ನಂಗ ಇನ್ನೊಬ್ರೂ ಕೊಟ್ಟಬಿಡ್ತಾರ."

ಬೇರೆ ಒಂದು ತರಿಸಿದೆ. ಹೈದರಾಬಾದಿನದ್ದರ ಪಕ್ಕ ಇಟ್ಟು, ಎರಡೂ ನಕ್ಷತ್ರ ಕಾಣುವ ಹಾಗೆ ಫೋಟೊ ತೆಗೆದು ಕ್ಯಾಟಲಾಗ್‌ನವರಿಗೆ ಕಳಿಸಿದೆ. ಎರಡು ತಿಂಗಳ ಮೇಲೆ ಉತ್ತರ ಬಂತು: ಮುಂದಿನ ಮುದ್ರಣದಲ್ಲಿ ಸೇರಿಸುತ್ತೇವೆ.

ಶೀಟ್‌ನಲ್ಲೂ ಹೊಸ ಸಾಲು ಸೇರಿಸಿದೆ. ಅಪ್ಪ ಕೇಳಿದ, "ಕಳದದ್ದು ಬರದೀಯೇನು?" ಇಲ್ಲ ಅಂದೆ. "ಲೆಕ್ಕದಾಗ ಹೋದದ್ದೂ ಬರೀಬೇಕವಾ."

ಈಗ ಪಟ್ಟಿಯಲ್ಲಿ ಕೊರಿಯಾಕ್ಕೆ ಎರಡು ಸಾಲು. ಒಂದರ ಮುಂದೆ "ಮಗಳು ತರಿಸಿದ್ದು". ಇನ್ನೊಂದರ ಮುಂದೆ "ಅಪ್ಪ ಆರಿಸಿದ್ದು, ನಾನು ಕಳೆದದ್ದು".

ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇದ್ದರೆ, ಪುಸ್ತಕ ತೆರೆಯೋ ಮೊದಲು ಅದನ್ನು ಕೂಡಿಟ್ಟವರನ್ನೊಮ್ಮೆ ಕೇಳಿ.